ಮೈಲುತುತ್ತ ಬಿದ್ದ ಟ್ಯಾಂಕ್

ಕಾರವಾರದ ಒಂದು ಅಕ್ವೇರಿಯಂ ಅಂಗಡಿಗೆ ನಾನು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಊರು ಶಿರಸಿ ಕಡೆ, ಮನೆಯಲ್ಲಿ ಅಡಿಕೆ ತೋಟ. ಸಮುದ್ರದ ಜೀವಿಗಳ ಬಗ್ಗೆ ಗೊತ್ತಿದ್ದದ್ದೆಲ್ಲ ಮೊಬೈಲಿನಲ್ಲಿ ನೋಡಿ ಕಲಿತದ್ದು. ಆದರೂ ಹುಬ್ಬಳ್ಳಿಯ ಗಿರಾಕಿಯೊಬ್ಬರು ಫೋನ್ ಮಾಡಿ "ಆಕ್ಟೋಪಸ್ ಸಾಕಬೇಕು ಅಂತ ಆಸೆ, ಸಿಗ್ತದಾ?" ಅಂದಾಗ "ಸಿಗ್ತದೆ ಸರ್" ಅಂದುಬಿಟ್ಟೆ. ಮಾಲೀಕರು ಆ ವಾರ ಊರಲ್ಲಿ ಇರಲಿಲ್ಲ.

ಬೈತಖೋಲ್ ಬಂದರಿಗೆ ಬರುವ ಬಲೆಗಳಲ್ಲಿ ಮಾಣಕಿ (ಸ್ಕ್ವಿಡ್) ಜೊತೆಗೆ ಆಗೊಮ್ಮೆ ಈಗೊಮ್ಮೆ ಆಕ್ಟೋಪಸ್ಸೂ ಇರುತ್ತದೆ. ಜೀವ ಇರುವುದು ಸಿಗುವುದೇ ಕಷ್ಟ. ಪರಿಚಯದ ಸಣ್ಣ ದೋಣಿಯವರಿಗೆ ಹೇಳಿಟ್ಟಿದ್ದೆ. ನಾಲ್ಕನೇ ದಿನ ಬೆಳಿಗ್ಗೆ ಅವರು ಬಕೆಟ್ ತಂದರು. ಮೇಲೆ ಹಲಗೆ, ಹಲಗೆ ಮೇಲೆ ಕಲ್ಲು. "ಮುಚ್ಚಳ ಸಡಿಲ ಬಿಡಬೇಡ ಮಾರಾಯಾ, ಇದಕ್ಕೆ ಎಲುಬೇ ಇಲ್ಲ" ಅಂದರು. ಮಾತು ಖರೆ. ಮೈಯಲ್ಲಿ ಗಟ್ಟಿ ಅಂತ ಇರುವುದು ಗಿಳಿಯ ಕೊಕ್ಕಿನಂಥ ಬಾಯಿ ಮಾತ್ರ. ಅದು ತೂರುವ ಸಂದಿಯಲ್ಲಿ ಇಡೀ ಮೈ ತೂರುತ್ತದೆ.

ಹಾಗಾಗಿ ನನ್ನ ತಲೆಯೆಲ್ಲ ಮುಚ್ಚಳದ ಮೇಲೇ ಇತ್ತು. ಮೂಲೆಯ ಖಾಲಿ ಟ್ಯಾಂಕ್ ಆರಿಸಿದೆ. ಗಾಜಿನ ಮುಚ್ಚಳಕ್ಕೆ ನಾಲ್ಕು ಕ್ಲಿಪ್ ಹಾಕಿದೆ. ಪೈಪ್ ಹೋಗುವ ತೂತಿಗೆ ಸ್ಪಂಜ್ ತುರುಕಿದೆ. ನೀರಿನ ಉಪ್ಪು, ಅಮೋನಿಯಾ, ಬಿಸಿ ಎಲ್ಲ ಅಳೆದೆ. ಎಲ್ಲ ಸರಿ ಇತ್ತು. ಮುಷ್ಟಿಯಷ್ಟು ದೊಡ್ಡ ಪ್ರಾಣಿ, ಕಲ್ಲಿನ ಸಂದಿಗೆ ಹೋಗಿ ಕೂತಿತು. ಹೊರಗೆ ಕಂಡದ್ದು ಒಂದು ಕಣ್ಣು, ಅದರೊಳಗೆ ಅಡ್ಡ ಗೆರೆಯಂಥ ಪಾಪೆ. ನಾನು ಅತ್ತ ಹೋದರೆ ಆ ಕಣ್ಣೂ ಅತ್ತ. ನೋಡ್ತಾ ನೋಡ್ತಾ ಕಂದು ಮೈ ಕಲ್ಲಿನ ಬಣ್ಣಕ್ಕೇ ಬಂತು. ಮಧ್ಯಾಹ್ನ ಊಟಕ್ಕೆ ಹೋಗೋದನ್ನೇ ಮರೆತೆ.

ಸಂಜೆ ಎರಡು ಜೀವಂತ ಸಿಗಡಿ ಬಿಟ್ಟೆ. ಬೆಳಿಗ್ಗೆ ಎರಡೂ ಸತ್ತು ತಳದಲ್ಲಿ ಬಿದ್ದಿದ್ದವು. ಆಕ್ಟೋಪಸ್ ಮುಟ್ಟಿರಲೇ ಇಲ್ಲ. ಬಂದರಿಂದ ತರುವಾಗ ಸುಸ್ತಾಗಿರಬೇಕು ಅಂದುಕೊಂಡು ತೆಗೆದು ಬಿಸಾಕಿದೆ. ನನ್ನ ತಪ್ಪು ಅಲ್ಲೇ ನಿಂತು ನನ್ನನ್ನು ನೋಡುತ್ತಿತ್ತು, ನಾನು ನೋಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅದು ಸಂದಿಯಿಂದ ಹೊರಗೆ ಬಂತು. ಮೈ ಬಿಳಿಚಿಕೊಂಡಿತ್ತು. ಗಾಜಿಗೆ ಒತ್ತಿ ಹಿಡಿದಿದ್ದ ತೋಳುಗಳ ಹೀರು ಬಟ್ಟಲುಗಳು ಒಂದೊಂದಾಗಿ ಬಿಟ್ಟುಕೊಂಡವು. ಉಸಿರಿನ ಏರಿಳಿತ ಜೋರಾಯಿತು. ಅರ್ಧ ನೀರು ಬದಲಾಯಿಸಿದೆ, ಗಾಳಿಯ ಪಂಪ್ ಇನ್ನೊಂದು ಹಾಕಿದೆ. ರಾತ್ರಿ ಎಂಟಕ್ಕೆ ಸತ್ತಿತು.

ಮಾಲೀಕರು ಬಂದವರು ಕೇಳಿದ್ದು ಒಂದೇ ಪ್ರಶ್ನೆ: "ಯಾವ ಟ್ಯಾಂಕು?" ಮೂಲೆಯದು ಅಂದೆ. ತಲೆ ಮೇಲೆ ಕೈ ಇಟ್ಟುಕೊಂಡರು. ನಾನು ಸೇರುವ ಮೊದಲು ಅದರಲ್ಲಿದ್ದ ಸಮುದ್ರದ ಮೀನುಗಳಿಗೆ ಬಿಳಿ ಚುಕ್ಕೆ ರೋಗ ಬಂದಿತ್ತಂತೆ. ತಾಮ್ರದ ಔಷಧಿ ಹಾಕಿದ್ದರಂತೆ. ನಮ್ಮ ತೋಟದ ಮಾತಲ್ಲಿ ಹೇಳುವುದಾದರೆ ಮೈಲುತುತ್ತ! ಕೊಳೆರೋಗಕ್ಕೆ ಅಂತ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಕಲಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆ ನೀಲಿ ಪುಡಿ ಇಲ್ಲೂ ಇದೆ ಅಂತ ಹೊಳೆದೇ ಇರಲಿಲ್ಲ.

ಮೀನು ತಡೆಯುವಷ್ಟು ತಾಮ್ರವನ್ನು ಆಕ್ಟೋಪಸ್, ಸಿಗಡಿ, ಸಮುದ್ರ ಹೂವು (ಸೀ ಅನಿಮೋನ್) ಇವು ತಡೆಯುವುದಿಲ್ಲ. ಅಷ್ಟೇ ಅಲ್ಲ, ಸುಣ್ಣದ ಅಂಶ ಇರುವ ಕಲ್ಲು, ಮರಳು ತಾಮ್ರವನ್ನು ಹೀರಿಟ್ಟುಕೊಂಡು ತಿಂಗಳುಗಟ್ಟಲೆ ಆಮೇಲೆ ಮತ್ತೆ ನೀರಿಗೆ ಬಿಡುತ್ತವೆ. ನೀರು ಬದಲಾಯಿಸಿದರೂ ಹೋಗಲ್ಲ. ಮಾಲೀಕರು ಕಪಾಟಿನಿಂದ ತಾಮ್ರದ ಟೆಸ್ಟ್ ಕಿಟ್ ತೆಗೆದು ಎದುರಿಗೇ ಹನಿ ಹಾಕಿದರು. ಬಣ್ಣ ಬಂತು. ತಮಾಷೆ ನೋಡಿ, ಆಕ್ಟೋಪಸ್ಸಿನ ರಕ್ತ ನೀಲಿ, ಅದರಲ್ಲಿ ಆಮ್ಲಜನಕ ಹೊರುವುದೇ ತಾಮ್ರ. ಇದನ್ನು ನಾನು ಗಿರಾಕಿಗಳಿಗೆ ಹೇಳಿ ಹೇಳಿ ಜಾಣ ಅನ್ನಿಸಿಕೊಂಡಿದ್ದೆ ಬೇರೆ.

ಬೈಗುಳ ತಿಂದೆ, ಸರಿ. ಆದರೆ ನಮ್ಮಲ್ಲಿ ಮಾರಾಟಕ್ಕೆ ಎರಡು ರಿಜಿಸ್ಟರ್ ಇದ್ದವು, ಟ್ಯಾಂಕಿಗೆ ಒಂದೂ ಇರಲಿಲ್ಲ. ಯಾವುದಕ್ಕೆ ಯಾವ ಔಷಧಿ ಬಿತ್ತು ಅನ್ನುವುದು ಮಾಲೀಕರ ತಲೆಯಲ್ಲಿ ಮಾತ್ರ. ಅದನ್ನು ಅವರಿಗೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾರ್ಕರ್ ತಗೊಂಡು ಬಾ" ಅಂದರು.

ಹುಬ್ಬಳ್ಳಿಯವರಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಅವರು "ಇನ್ನೊಂದು ಯಾವಾಗ ಬರ್ತದೆ?" ಅಂದರು. ಮೊದಲ ದಿನವೇ ಕೇಳಬೇಕಿದ್ದದ್ದನ್ನು ಆವತ್ತು ಕೇಳಿದೆ. ಅವರ ಟ್ಯಾಂಕ್ ಅರವತ್ತು ಲೀಟರಿನದು, ಅದೂ ಸಿಹಿನೀರಿನದು! ಸಮುದ್ರದ ನೀರು ಬೇಕು, ಇನ್ನೂ ದೊಡ್ಡ ಟ್ಯಾಂಕ್ ಬೇಕು, ಎಷ್ಟು ಚೆನ್ನಾಗಿ ನೋಡಿಕೊಂಡರೂ ಇಂಥ ಸಣ್ಣವು ಬದುಕುವುದು ಒಂದೆರಡು ವರ್ಷ, ಹೆಣ್ಣಾದರೆ ಮೊಟ್ಟೆ ಕಾಯುತ್ತಾ ಊಟ ಬಿಟ್ಟು ಸಾಯುತ್ತದೆ ಅಂದೆ. "ಹಂಗಾದ್ರ ಬ್ಯಾಡ ಬಿಡ್ರಿ" ಅಂದರು. ಬೇಜಾರಿನ ದನಿ ಇರಲಿಲ್ಲ. ಅಡ್ವಾನ್ಸ್ ವಾಪಸ್ ಹಾಕಿದೆವು.

ಮೂಲೆಯ ಟ್ಯಾಂಕಿನಲ್ಲಿ ಈಗ ಮೀನು ಮಾತ್ರ. ಮೇಲೆ ಅಂಟಿಸಿದ ಪಟ್ಟಿಯಲ್ಲಿ ನನ್ನದೇ ಅಕ್ಷರ: "ತಾಮ್ರ ಬಿದ್ದಿದೆ. ಸಿಗಡಿ ಬಿಡಬೇಡಿ." ಕೆಳಗೆ ಯಾರೋ ಪೆನ್ನಿನಲ್ಲಿ ಎಂಟು ಕಾಲಿನ ಚಿತ್ರ ಬರೆದಿದ್ದಾರೆ.