ಡಬ್ಬದ ಮೇಲಿನ ಹೆಸರು ನಂಬ್ಕೊಂಡು ಎಂಟ್ರಿ ಹಾಕ್ಬೇಡಿ

ಹಳೇ ಫಿಲ್ಮ್ ರೀಲ್ ಸ್ಕ್ಯಾನ್ ಮಾಡೋ ಕಡೆ ಕ್ಯಾಟಲಾಗ್ ನೋಡ್ಕೊಳ್ಳೋದು ನನ್ನ ಕೆಲಸ. ಹೊಸದಾಗಿ ಸೇರಿದವರೆಲ್ಲ ಕೇಳೋದು ಒಂದೇ, "ಸಾರ್, ಡಬ್ಬದ ಮೇಲೇ ಹೆಸರಿದ್ಯಲ್ಲ, ಮತ್ಯಾಕೆ ಬಿಚ್ಚಿ ನೋಡ್ಬೇಕು?" ಆಗ ಅವರಿಗೆ ನಾನು ಆಸ್ಟ್ರೇಲಿಯಾದ ಒಂದು ಮೂಕಿ ಚಿತ್ರದ ಕಥೆ ಹೇಳ್ತೀನಿ.

'ದಿ ಸೆಂಟಿಮೆಂಟಲ್ ಬ್ಲೋಕ್', 1919ರದ್ದು. ಸಿ.ಜೆ. ಡೆನ್ನಿಸ್ ಅವರ 1915ರ ಪ್ರೇಮಕಾವ್ಯವನ್ನ ರೇಮಂಡ್ ಲಾಂಗ್‌ಫರ್ಡ್ ಸಿನಿಮಾ ಮಾಡಿದ್ದು. ಕುಡಿತ, ಜೂಜು, ಜೈಲು ಅಂತ ಅಲೀತಿದ್ದ ಬಿಲ್‌ಗೆ ಉಪ್ಪಿನಕಾಯಿ ಫ್ಯಾಕ್ಟರೀಲಿ ಲೇಬಲ್ ಅಂಟಿಸೋ ಡೋರೀನ್ ಮೇಲೆ ಮನಸಾಗುತ್ತೆ, ಅಷ್ಟೇ ಕಥೆ. ಆದ್ರೆ ಸಿಡ್ನಿಯ ವುಲ್ಲೂಮೂಲೂ ಬಡಾವಣೇಲಿ ಶೂಟ್ ಮಾಡಿ, ಮಾತಿನ ಬದಲು ನಡುನಡುವೆ ಬರಹ ತೋರಿಸೋ ಟೈಟಲ್ ಕಾರ್ಡ್‌ಗಳಲ್ಲಿ ಡೆನ್ನಿಸ್ ಅವರ ಬೀದಿಮಾತಿನ ಸಾಲುಗಳನ್ನೇ ಇಟ್ಟಿದಾರೆ, ಡೋರೀನ್ ಆಗಿ ಲಾಟಿ ಲೈಲ್ ಎಷ್ಟು ಸಹಜವಾಗಿದಾರೆ ಅಂದ್ರೆ ನೂರು ವರ್ಷ ಹಳೇ ನಟನೆ ಅನ್ಸಲ್ಲ.

ಆಸ್ಟ್ರೇಲಿಯಾದಲ್ಲಿ ಉಳಿದಿದ್ದ ಕಾಪೀಲಿ ದೃಶ್ಯಗಳು ಅಷ್ಟು ಚೆನ್ನಾಗಿ ಕಾಣ್ತಿರ್ಲಿಲ್ಲ. 1973ರಲ್ಲಿ ಅಮೆರಿಕದ ರಾಚೆಸ್ಟರ್‌ನ ಫಿಲ್ಮ್ ಸಂಗ್ರಹಾಲಯವಾದ ಜಾರ್ಜ್ ಈಸ್ಟ್‌ಮನ್ ಹೌಸ್‌ನಲ್ಲಿ ಒಳ್ಳೇ ನೆಗೆಟಿವ್ ಸಿಕ್ತು, ಅದರ ಮೇಲಿದ್ದ ಹೆಸರು 'ದಿ ಸೆಂಟಿಮೆಂಟಲ್ ಬ್ಲಾಂಡ್'! ಬ್ಲೋಕ್ ಅಂದ್ರೆ ಗಂಡಸು, ಬ್ಲಾಂಡ್ ಅಂದ್ರೆ ಹೊಂಬಣ್ಣದ ಕೂದಲಿನ ಹೆಂಗಸು. ಪಟ್ಟಿ ಮಾತ್ರ ನೋಡ್ದೋರಿಗೆ ಅದು ಬೇರೆ ಯಾವ್ದೋ ಸಿನಿಮಾ. ಇನ್ನೊಂದು ವಿಷ್ಯ, ಅದು ಅಮೆರಿಕದವರಿಗೆ ಅಂತ ಕಾರ್ಡ್‌ಗಳನ್ನ ಬದಲಾಯಿಸಿದ್ದ ಆವೃತ್ತಿ. ಹಾಗಾಗಿ ದೃಶ್ಯಗಳು ಅದರಿಂದ, ಕಾರ್ಡ್‌ಗಳು ಆಸ್ಟ್ರೇಲಿಯಾದ ಹಳೇ ಕಾಪಿಯಿಂದ ತಗೊಂಡು ಸರಿಮಾಡಿ 2004ರಲ್ಲಿ ಸಿಡ್ನಿ ಚಿತ್ರೋತ್ಸವದಲ್ಲಿ ತೋರಿಸಿದ್ರು. ಒಳ್ಳೇದು ಸಿಕ್ತಲ್ಲ ಅಂತ ಮಬ್ಬು ಕಾಪೀನ ಯಾರಾದ್ರೂ ಎಸೆದಿದ್ರೆ ಡೆನ್ನಿಸ್ ಅವರ ಸಾಲುಗಳು ಆ ಸಿನಿಮಾದಲ್ಲಿ ಇರ್ತಿರ್ಲಿಲ್ಲ.

ಅದಕ್ಕೇ ನಮ್ಮಲ್ಲಿ ಡಬ್ಬದ ಮೇಲಿರೋದನ್ನ ತಪ್ಪಿದ್ರೂ ತಿದ್ದದೆ ಒಂದು ಕಾಲಮ್‌ನಲ್ಲಿ ಬರೀತೀವಿ, ಒಳಗೆ ಕಂಡಿದ್ದನ್ನ ಪಕ್ಕದ ಕಾಲಮ್‌ನಲ್ಲಿ. ಒಂದೇ ಸಿನಿಮಾದ್ದು ಅನ್ಸೋ ಎರಡು ರೀಲ್ ಬಂದ್ರೆ, ಎರಡನ್ನೂ ಬೆಂಚ್ ಮೇಲೆ ಓಡಿಸಿ ಹೋಲಿಸಿ ನೋಡೋವರೆಗೆ ಡೂಪ್ಲಿಕೇಟ್ ಅನ್ನೋ ಪದ ಯಾರೂ ಬಳಸಂಗಿಲ್ಲ. ಲೈಟ್ ಬಾಕ್ಸ್ ಮೇಲಿಟ್ಟು ಭೂತಗನ್ನಡೀಲಿ ಅಂಚು ನೋಡಿ, ಕೊಡಕ್ ಫಿಲ್ಮ್ ಆದ್ರೆ ಚೌಕ, ವೃತ್ತ, ತ್ರಿಕೋನದ ಸಣ್ಣ ಗುರುತಿರುತ್ತೆ, ಅದರಿಂದ ಫಿಲ್ಮ್ ತಯಾರಾದ ವರ್ಷ ತಿಳಿಯುತ್ತೆ, ಆದ್ರೆ ಆ ಗುರುತುಗಳು 20 ವರ್ಷಕ್ಕೊಮ್ಮೆ ಮತ್ತೆ ಬರ್ತವೆ, ಹಾಗಾಗಿ ಅದೊಂದರ ಮೇಲೇ ತೀರ್ಮಾನ ಬೇಡ. ರೀಲಿನ ಶುರುವೇ ಮೊದಲು ಹರಿಯೋದ್ರಿಂದ ಎಷ್ಟೋ ಸಲ ಸಿನಿಮಾದ ಹೆಸರೇ ಇರಲ್ಲ, ಆಗ ನಡುವಿನ ಕಾರ್ಡ್‌ಗಳ ಒಂದೆರಡು ಸಾಲು ಇದ್ದಂಗೇ ಬರ್ಕೊಳ್ಳಿ, ಹೆಸರಿನ ಜಾಗ ಖಾಲಿ ಬಿಡಿ.