ಬ್ಲೀಡ್ ನಿಪ್ಪಲ್ ಬಿಚ್ಚಿದಾಗ ಚಕ್ರ ಬಿಟ್ಟಿತು

ಬೆಳಿಗ್ಗೆ ಏಳಕ್ಕೆ ಶೆಡ್ಡಿನಲ್ಲಿ ಒಂದೇ ಬೆರಳಿಗೆ ತಿರುಗುತ್ತಿದ್ದ ಎಡ ಚಕ್ರ, ಮಧ್ಯಾಹ್ನ ಎರಡೂವರೆಗೆ ಇಬ್ಬರು ದೂಡಿದರೂ ಅಲುಗಲಿಲ್ಲ. ಮೇ ತಿಂಗಳು, ಕಲಬುರಗಿಯ ಬಿಸಿಲು, ನೆರಳಲ್ಲೇ 42 ಡಿಗ್ರಿ. ಎರಡು ಸೀಟಿನ ಕಿಟ್ ವಿಮಾನ (ಬಿಡಿಭಾಗ ತರಿಸಿ ಜೋಡಿಸುವಂಥದ್ದು), ಟೇಲ್‌ಡ್ರ್ಯಾಗರ್: ಮುಂದೆ ಎರಡು ದೊಡ್ಡ ಚಕ್ರ, ಬಾಲದ ಕೆಳಗೆ ಸಣ್ಣದೊಂದು. ಚಕ್ರದ ಕಾಲುಗಳ ಹಳೆಯ ಬಂಜೀ (ರಬ್ಬರು ಹಗ್ಗ) ತೆಗೆದು ಸ್ಪ್ರಿಂಗ್-ಎಣ್ಣೆ ಶಾಕ್ ಹಾಕಿ, ಬ್ರೇಕ್ ಹೊಸದಾಗಿ ಕೂರಿಸಿ ಮೂರು ದಿನವಾಗಿತ್ತು. ಮಳೆಗಾಲಕ್ಕೆ ಮುಂಚೆ ಟ್ಯಾಕ್ಸಿ ಟೆಸ್ಟ್ (ಹಾರಿಸದೆ ನೆಲದ ಮೇಲೆ ಓಡಿಸಿ ನೋಡುವುದು) ಮುಗಿಯಲೇಬೇಕು ಅಂತ ಮಾಲೀಕರ ಒತ್ತಾಯ. ಎರೆ ಮಣ್ಣಿನ ಸೀಮೆಯಲ್ಲಿ ಒಂದು ಮಳೆ ಬಿದ್ದರೆ ಗರಸಿನ ಪಟ್ಟಿ ಬಿಟ್ಟು ಅಂಚಿಗಿಳಿದ ಚಕ್ರ ಮೇಲೆ ಬರುವುದಿಲ್ಲ, ಅದು ನಿಜ. ಆದರೆ ಆ ಅವಸರದಲ್ಲಿ ಕೆಲಸದ ಕ್ರಮ ತಪ್ಪಿಸಿದವನು ನಾನು.

ಮೊದಲು ಶಾಕ್ ವಿಷಯ. ಎಲ್ಲರ ಅನುಮಾನ ಹೋದದ್ದು ಅದರ ಮೇಲೆಯೇ.

ಈ ಬಗೆಯ ಲ್ಯಾಂಡಿಂಗ್ ಗೇರ್‌ನಲ್ಲಿ ಭಾರ ಬಿದ್ದರೆ ಚಕ್ರದ ಕಾಲುಗಳು ಹೊರಗೆ ಅಗಲುತ್ತವೆ, ನಡುವಿನ ಸ್ಟ್ರಟ್ (ಶಾಕ್ ಇರುವ ಸರಳು) ಉದ್ದವಾಗುತ್ತದೆ. ಬಂಜೀ ಇದ್ದಾಗ ರಬ್ಬರು ಹಿಗ್ಗುತ್ತಿತ್ತು. ಈಗ ಸ್ಟ್ರಟ್ ಹಿಗ್ಗಿದಂತೆ ಒಳಗಿನ ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ, ಎಣ್ಣೆ ಸಣ್ಣ ರಂಧ್ರದಲ್ಲಿ ಹಾದು ವಾಪಸ್ ಪುಟಿಯುವುದನ್ನು ತಡೆಯುತ್ತದೆ. ಕೂರಿಸುವಾಗ ಸ್ಟ್ರಟ್ ಜೋಡಿಸುವ ಮೊದಲೇ ಬ್ರೇಕ್ ಹೋಸ್ (ಎಣ್ಣೆ ಹೋಗುವ ಮೆದು ನಳಿಕೆ) ಕಟ್ಟಿ, ಬರಿ ಕಾಲನ್ನು ಕೈಯಲ್ಲಿ ಹಿಡಿದು ಪೂರ್ತಿ ಜೋತುಬಿದ್ದ ಸ್ಥಿತಿಯಿಂದ ಸೇಫ್ಟಿ ಕೇಬಲ್ ಬಿಗಿಯಾಗುವವರೆಗೆ ತೂಗಿ ನೋಡಬೇಕು. ಸ್ಟ್ರಟ್ ಹಾಕಿದ ಮೇಲೆ ಅಷ್ಟು ಚಲನೆಯನ್ನು ಶೆಡ್ಡಿನಲ್ಲಿ ತರಿಸಲು ಆಗುವುದಿಲ್ಲ. ನೆಲದ ಮೇಲೆ ನಿಂತಾಗ ಸರಿಯಾಗಿ ಕಂಡ ಹೋಸ್, ವಿಮಾನ ಎತ್ತಿದಾಗ ಫಿಟಿಂಗ್ ಹತ್ತಿರ ಬಿಗಿದು ಮಡಚಿಕೊಂಡದ್ದನ್ನು ನೋಡಿದ್ದೇನೆ. ಸೇಫ್ಟಿ ಕೇಬಲ್ ಕೂಡ ಹಾಗೆಯೇ: ಶಾಕ್ ತನ್ನ ಪೂರ್ತಿ ಉದ್ದಕ್ಕೆ ಹೋದಾಗಲೂ ಅದು ಸಡಿಲ ಇರಬೇಕು, ಶಾಕ್ ಮುರಿದರೆ ಮಾತ್ರ ಹಿಡಿಯಬೇಕು.

ರಾಡ್ ಎಂಡ್ (ಶಾಕಿನ ತುದಿಗೆ ತಿರುಗಿಸಿ ಹಾಕುವ ಜೋಡಣೆ) ಎಷ್ಟು ಒಳಗೆ ಹೋಗಿದೆ ಅಂತ ನೋಡಲು ಇರುವ ಸಾಕ್ಷಿ ರಂಧ್ರದಲ್ಲಿ ತಂತಿ ಒಳಗೆ ಹೋದರೆ ಥ್ರೆಡ್ ಸಾಲದು, ಇನ್ನೂ ತಿರುಗಿಸಬೇಕು. ತಿರುಗುವ ಜೋಡಣೆಯಲ್ಲಿ ಬರಿ ನೈಲಾಕ್ ನಟ್ (ನೈಲಾನ್ ಉಂಗುರ ಹಿಡಿಯುವಂಥದ್ದು) ಬೇಡ; ಕಚ್ಚುಗಳಿರುವ ಕ್ಯಾಸಲ್ ನಟ್, ಅದು ತಿರುಗದಂತೆ ತೂರಿಸುವ ಹೊಸ ಕಾಟರ್ ಪಿನ್. ಫಿಟಿಂಗ್ ಒಳಗೆ ಬೋಲ್ಟಿನ ನುಣುಪು ಭಾಗ ಕೂರಬೇಕು, ಥ್ರೆಡ್ ಅಲ್ಲ. ಶೆಡ್ಡಿಗೆ ಹಾಕಿದ್ದು ಶಹಾಬಾದ್ ಫರಸಿ, ಮಟ್ಟ ನೋಡಲು ಅದಕ್ಕಿಂತ ಒಳ್ಳೆಯ ನೆಲ ಸಿಗುವುದಿಲ್ಲ. ಆದರೂ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಅಳೆಯುವಾಗ ಒಂದೊಂದು ಚಕ್ರದ ಕೆಳಗೆ ಎರಡು ಅಲ್ಯೂಮಿನಿಯಂ ಶೀಟು, ನಡುವೆ ಗ್ರೀಸ್ ಇಡಲೇಬೇಕು. ಇಲ್ಲವಾದರೆ ಟೈರು ನೆಲಕ್ಕೆ ಕಚ್ಚಿಕೊಂಡು ಕಾಲು ಪೂರ್ತಿ ಅಗಲುವುದಿಲ್ಲ, ಅಳತೆ ಸುಳ್ಳಾಗುತ್ತದೆ.

ಇದೆಲ್ಲ ಸರಿಯಾಗಿಯೇ ನಡೆಯಿತು. ಎಡವಿದ್ದು ಪೆಡಲಿನಲ್ಲಿ.

ಬ್ಲೀಡಿಂಗ್ (ಬ್ರೇಕ್ ಎಣ್ಣೆಯಲ್ಲಿನ ಗಾಳಿ ಹೊರಹಾಕುವುದು) ಮುಗಿದ ಮೇಲೆ ಮಾಲೀಕರು ಸೀಟಿನಲ್ಲಿ ಕೂತು ನೋಡಿ, ಎಡ ಪೆಡಲ್ ಬಲದ್ದಕ್ಕಿಂತ ತುಸು ಹಿಂದಕ್ಕೆ ವಾಲಿದೆ ಅಂದರು. ಪೆಡಲ್ ತುಳಿದಾಗ ಎಣ್ಣೆ ನೂಕುವ ಮಾಸ್ಟರ್ ಸಿಲಿಂಡರಿನ ಕ್ಲೆವಿಸ್ಸನ್ನು (ಅದರ ರಾಡನ್ನು ಪೆಡಲಿಗೆ ಜೋಡಿಸುವ ಕವಲು ತುದಿ) ಎರಡು ಸುತ್ತು ಬಿಚ್ಚಿ ರಾಡ್ ಉದ್ದ ಮಾಡಿದೆ. ಎರಡೂ ಪೆಡಲ್ ಒಂದೇ ಸಾಲಿಗೆ ಬಂದವು, ಎಲ್ಲರಿಗೂ ಸಮಾಧಾನ. ಕಾಲಿಂಚು ರಾಡು, ಇಂಚಿಗೆ 28 ಥ್ರೆಡ್: ಎರಡು ಸುತ್ತೆಂದರೆ 1.8 ಮಿಲಿಮೀಟರ್. ಅಷ್ಟಾದಾಗ ಪೆಡಲ್ ತನ್ನ ಸ್ಟಾಪಿಗೆ ತಾಗಿ ನಿಂತಿತು, ಸಿಲಿಂಡರಿನ ಶಾಫ್ಟ್ ಮಾತ್ರ ಪೂರ್ತಿ ಹೊರಗೆ ಬರಲಿಲ್ಲ. ಶಾಫ್ಟ್ ಪೂರ್ತಿ ಹೊರಗೆ ಬಂದರಷ್ಟೇ ಕಾಂಪನ್ಸೇಟಿಂಗ್ ಪೋರ್ಟ್ ಎಂಬ ರಂಧ್ರ ತೆರೆದು ಲೈನಿನ ಎಣ್ಣೆಗೂ ರಿಸರ್ವಾಯರಿಗೂ (ಎಣ್ಣೆ ತುಂಬಿಡುವ ತೊಟ್ಟಿ) ದಾರಿ ಇರುತ್ತದೆ. ಆ ದಾರಿ ಮುಚ್ಚಿಹೋಯಿತು.

ಮುಚ್ಚಿದರೆ ಏನಾಗುತ್ತದೆ ಅನ್ನುವುದನ್ನು ಲೆಕ್ಕ ಹಾಕಿಯೇ ನೋಡಬೇಕು. ಒಂದು ಬದಿಯ ಲೈನು, ಕ್ಯಾಲಿಪರ್ (ಚಕ್ರದ ಡಿಸ್ಕನ್ನು ಹಿಡಿಯುವ ಬ್ರೇಕಿನ ಭಾಗ) ಸೇರಿ ಸುಮಾರು 60 ಮಿಲಿಲೀಟರ್ ಎಣ್ಣೆ. 5606 ಎಂಬ ಈ ವಿಮಾನದ ಬ್ರೇಕ್ ಎಣ್ಣೆ ಡಿಗ್ರಿಗೆ ಅಂದಾಜು ಹತ್ತು ಸಾವಿರದಲ್ಲಿ ಏಳು ಪಾಲು ಹಿಗ್ಗುತ್ತದೆ. ಬೆಳಗಿನ ತಂಪಿನಿಂದ ಮಧ್ಯಾಹ್ನದ ಬಿಸಿಲು, ಅದಕ್ಕೆ ಬ್ರೇಕಿನ ಬಿಸಿ ಸೇರಿ 30 ಡಿಗ್ರಿ ಏರಿದರೆ 1.26 ಮಿಲಿಲೀಟರ್ ಹೆಚ್ಚಾಯಿತು. 38 ಮಿಲಿಮೀಟರ್ ವ್ಯಾಸದ ಪಿಸ್ಟನ್ನಿಗೆ ಅದು ಒಂದು ಮಿಲಿಮೀಟರಿಗಿಂತ ಹೆಚ್ಚಿನ ನೂಕು. ಲೈನಿಂಗಿಗೂ (ಡಿಸ್ಕಿಗೆ ಉಜ್ಜುವ ಪಟ್ಟಿ) ಡಿಸ್ಕಿಗೂ ನಡುವೆ ಅಷ್ಟು ಜಾಗವೇ ಇರುವುದಿಲ್ಲ. ಹಿಡಿದ ಬ್ರೇಕು ಬಿಸಿಯಾಗುತ್ತದೆ, ಬಿಸಿಯಾದ ಎಣ್ಣೆ ಇನ್ನೂ ಹಿಡಿಯುತ್ತದೆ.

ಎರಡೂವರೆಗೆ ಚಕ್ರ ನಿಂತಾಗ ನಾನು ಮಾಡಿದ್ದು ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ (ಗಾಳಿ, ಎಣ್ಣೆ ಹೊರಬಿಡುವ ತಿರುಪು) ಅರ್ಧ ಸುತ್ತು ಬಿಚ್ಚಿದ್ದು. ಎಣ್ಣೆ ಚಿಮ್ಮಿತು, ಜೊತೆಗೆ ಒಂದು ಸಣ್ಣ ಗುಳ್ಳೆ. ಚಕ್ರ ಬಿಟ್ಟಿತು. ಗುಳ್ಳೆಯನ್ನೇ ಕಾರಣವೆಂದು ತೀರ್ಮಾನಿಸಿದೆ. ನಮ್ಮ ಜೊತೆ ಕೆಲಸ ಮಾಡುವ ಹಿರಿಯ ಫಿಟ್ಟರ್ ಅಲ್ಲೇ ಹೇಳಿದರು: "ಗಾಳಿ ಇದ್ರ ಪೆಡಲ್ ಮೆತ್ತಗ ಆಗ್ತದ ತಮ್ಮಾ, ಚಕ್ರ ಹ್ಯಾಂಗ್ ಹಿಡಿತದ?"

"ಗುಳ್ಳಿ ಬಂತಲ್ರಿ ಕಾಕಾ, ಈಗ ಬಿಡ್ತು ನೋಡ್ರಿ" ಅಂದೆ. ಅವರು ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ನಿಪ್ಪಲ್ ಬಿಚ್ಚಿದರೆ ಒತ್ತಡ ಎಲ್ಲಿ ಸಿಕ್ಕಿಬಿದ್ದಿದ್ದರೂ ಹೊರಟುಹೋಗುತ್ತದೆ, ಆ ಒತ್ತಡಕ್ಕೆ ಕಾರಣ ಯಾವುದಿದ್ದರೂ ಚಕ್ರ ಬಿಡುತ್ತದೆ. ಇದನ್ನು ಅಂದು ಒಂದು ನಿಮಿಷ ನಿಂತು ಯೋಚಿಸಿದ್ದರೆ ಮುಂದಿನದು ನಡೆಯುತ್ತಿರಲಿಲ್ಲ.

ನಾಲ್ಕಕ್ಕೆ ಮತ್ತೆ ಟ್ಯಾಕ್ಸಿ. ಪಟ್ಟಿಯ ಅರ್ಧದವರೆಗೆ ನೇರ ಹೋಯಿತು, ಮಾಲೀಕರು ಎರಡು ಸಲ ಬ್ರೇಕ್ ಹಾಕಿ ನೋಡಿದರು. ಮೂರನೇ ಸಲ ಬಿಟ್ಟ ಮೇಲೂ ಮೂತಿ ಎಡಕ್ಕೆ ಎಳೆಯತೊಡಗಿತು. ಸರಿಮಾಡಲು ಬಲ ಬ್ರೇಕ್ ತುಳಿದರು. ಆಗ ಎರಡೂ ಚಕ್ರ ಹಿಡಿದವು, ಬಾಲ ನೆಲ ಬಿಟ್ಟು ಒಂದು ಮೊಳ ಎದ್ದಿತು. ಅದು ಎದ್ದದ್ದು ಎಷ್ಟು ಹೊತ್ತು ಅಂತ ಹೇಳಲಾರೆ. ಪ್ರೊಪೆಲ್ಲರ್ ನೆಲಕ್ಕೆ ತಾಗುವ ಸದ್ದಿಗೆ ಕಾಯುತ್ತಾ ಓಡುತ್ತಿದ್ದೆ. ಮಾಲೀಕರು ಬಲಗಾಲು ಸಡಿಲಿಸಿ ಮ್ಯಾಗ್ನೆಟೊ ಆಫ್ ಮಾಡಿ ಎಂಜಿನ್ ನಿಲ್ಲಿಸಿದರು. ಬಾಲ ಬಿದ್ದಿತು. ವಿಮಾನ ಎಡಕ್ಕೆ ಸುತ್ತಿ ತೊಗರಿ ಹೊಲದ ಬದುವಿಗೆ ನಾಲ್ಕು ಹೆಜ್ಜೆ ಇರುವಂತೆ ನಿಂತಿತು. ಎಡ ಡಿಸ್ಕ್ ನೀಲಿ ತಿರುಗಿತ್ತು, ಲೈನಿಂಗಿನಿಂದ ಹೊಗೆ.

ಹುಡುಗನೊಬ್ಬ ನೀರಿನ ಕೊಡ ತಂದ. ಬೇಡವೆಂದೆ: ಕಾದ ಡಿಸ್ಕಿಗೆ ನೀರು ಬಿದ್ದರೆ ಅದು ಬಿರಿಯಬಹುದು, ಸೊಟ್ಟಗಾಗಬಹುದು. ಚಕ್ರದ ಪಕ್ಕಕ್ಕೆ ಯಾರೂ ನಿಲ್ಲಬಾರದು, ಟೈರೋ ರಿಮ್ಮೋ ಒಡೆದರೆ ಹಾರುವುದು ಪಕ್ಕಕ್ಕೆ. ಮುಂದಿನಿಂದ ಬಂದು ಬಲ ಚಕ್ರಕ್ಕೆ ಕಟ್ಟಿಗೆಯ ತಡೆ ಕೊಟ್ಟು, ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಮುಕ್ಕಾಲು ಗಂಟೆ ನಿಂತೆವು.

ಮರುದಿನ ಮಾಡಿದ ಪರೀಕ್ಷೆ ಹಿಂದಿನ ದಿನವೇ ಮಾಡಬೇಕಾದದ್ದು. ಚಕ್ರ ಹಿಡಿದಿರುವಾಗಲೇ ಮೊದಲು ಮಾಸ್ಟರ್ ಸಿಲಿಂಡರ್ ಹತ್ತಿರದ ಲೈನ್ ಫಿಟಿಂಗ್ ಸಡಿಲಿಸಬೇಕು. ಅಲ್ಲಿ ಸಡಿಲಿಸಿದಾಗ ಚಕ್ರ ಬಿಟ್ಟರೆ ತಡೆ ಅದಕ್ಕಿಂತ ಮೇಲೆ, ಅಂದರೆ ಪೋರ್ಟು. ಅಲ್ಲಿ ಬಿಡದೆ ಕೆಳಗಿನ ನಿಪ್ಪಲಿನಲ್ಲಿ ಬಿಟ್ಟರೆ ಹೋಸ್ ಮಡಚಿದೆ ಅಥವಾ ಪಾರ್ಕಿಂಗ್ ವಾಲ್ವ್ ಹಿಡಿದಿದೆ. ನಿಪ್ಪಲ್ ಬಿಚ್ಚಿದರೂ ಬಿಡದಿದ್ದರೆ ಕ್ಯಾಲಿಪರ್ ತೇಲುವ ಪಿನ್ನೋ ಪಿಸ್ಟನ್ನೋ ಕಚ್ಚಿದೆ. ನಮ್ಮದು ಮೊದಲನೆಯದರಲ್ಲೇ ಬಿಟ್ಟಿತು. ಪಿನ್ನಿಗೆ ಗ್ರೀಸ್ ಹಚ್ಚದೆ ಒಣ ಲೂಬ್ರಿಕಂಟ್ ಹಾಕಿದ್ದರಿಂದ ಆ ಅನುಮಾನ ಹೆಚ್ಚಿರಲಿಲ್ಲ. ನಮ್ಮ ಧೂಳಿಗೆ ಗ್ರೀಸ್ ಅಂದರೆ ಅರೆಯುವ ಹಿಟ್ಟು.

ಪೆಡಲ್ ವಾಲಿದ್ದಕ್ಕೆ ಕಾರಣ ಸ್ಟಾಪಿನ ವೆಲ್ಡು ಒಂದು ಬದಿಗೆ ಜಾಸ್ತಿ ಇದ್ದದ್ದು. ಅದನ್ನು ಅರದಲ್ಲಿ ಉಜ್ಜಿ ಸರಿಮಾಡಿ, ಕ್ಲೆವಿಸ್ಸನ್ನು ಎರಡು ಸುತ್ತು ವಾಪಸ್ ತಂದು ಜಾಮ್ ನಟ್ ಬಿಗಿದು ಮೇಲೆ ಬಣ್ಣದ ಗೆರೆ ಎಳೆದೆವು. ರಾಡ್ ಹೊಂದಿಸಿ ಮುಗಿದ ಮೇಲೆಯೇ ಬ್ಲೀಡಿಂಗ್, ಅದೂ ಕೆಳಗಿನಿಂದ ಮೇಲಕ್ಕೆ: ನಿಪ್ಪಲಿಗೆ ಪಾರದರ್ಶಕ ನಳಿಕೆ, ಪಂಪ್ ಇರುವ ಎಣ್ಣೆ ಡಬ್ಬಿ. ಗಾಳಿ ತಾನಾಗಿ ಹೋಗುವ ದಿಕ್ಕೂ ಅದೇ. ಪೋರ್ಟ್ ಮುಚ್ಚಿದ್ದರೆ ಡಬ್ಬಿಯ ಹಿಡಿಕೆ ಗಟ್ಟಿಯಾಗಿ ನಿಂತುಬಿಡುತ್ತದೆ, ತೆರೆದಿದ್ದರೆ ರಿಸರ್ವಾಯರಿನಲ್ಲಿ ಎಣ್ಣೆ ಏರುವುದು ಕಾಣುತ್ತದೆ. ರಾಡ್ ಮುಟ್ಟಿದ ಮೇಲೆ ಒಮ್ಮೆ ಹೀಗೆ ಮಾಡಿದ್ದರೂ ಸಾಕಿತ್ತು. ರಿಸರ್ವಾಯರನ್ನು ಅಂಚಿನವರೆಗೆ ತುಂಬಬಾರದು, ಹಿಗ್ಗಲು ಜಾಗ ಬೇಕು. ಎಣ್ಣೆ ಮುಗಿದರೆ ಊರಿನ ಆಟೊ ಅಂಗಡಿಯ ಡಾಟ್ 3, ಡಾಟ್ 4 ಬ್ರೇಕ್ ಎಣ್ಣೆ ಹಾಕಲೇಬಾರದು: ಈ ಸಿಲಿಂಡರುಗಳ ನೈಟ್ರೈಲ್ ಓ-ರಿಂಗ್ ಅದರಲ್ಲಿ ಊದಿ ಹಾಳಾಗುತ್ತದೆ.

ಎಡ ಕ್ಯಾಲಿಪರಿನ ಓ-ರಿಂಗ್, ಚಕ್ರದ ಬೇರಿಂಗ್ ಗ್ರೀಸ್, ಡಿಸ್ಕ್ ಮೂರೂ ಬದಲು. ರಿಮ್ ಎರಡು ಭಾಗ ಮಾಡುವ ಮೊದಲು ವಾಲ್ವ್ ಕೋರ್ ತೆಗೆದು ಗಾಳಿ ಪೂರ್ತಿ ಬಿಟ್ಟೆವು. ಗಾಳಿ ಇರುವಾಗ ಆ ಬೋಲ್ಟುಗಳನ್ನು ಬಿಚ್ಚಿದರೆ ಜೀವ ಹೋಗಬಹುದು. ಲೈನಿಂಗ್ ಗಾಜಿನಂತೆ ಹೊಳಪಾಗಿತ್ತು, ಎರಡೂ ಬದಿಗೆ ಹೊಸದು ಹಾಕಿದೆವು. ಕ್ಯಾಲಿಪರ್ ಬೋಲ್ಟಿಗೆ ಬರೆದ ಟಾರ್ಕ್ 75 ಇಂಚು-ಪೌಂಡ್, ಅಂದರೆ ಸುಮಾರು 8.5 ನ್ಯೂಟನ್ ಮೀಟರ್. ಶೆಡ್ಡಿನಲ್ಲಿದ್ದ ಒಂದೇ ಟಾರ್ಕ್ ರೆಂಚ್ ಶುರುವಾಗುವುದೇ 20ರಿಂದ, ಕಾರಿನದು. ಸಣ್ಣದೊಂದು ಬೇಕೆಂದು ಎಷ್ಟು ಸಲ ಕೇಳಿದ್ದೆವೋ, ಈ ಘಟನೆಯಾದ ಮೇಲೆ ಬಂತು. ಪಕ್ಕಕ್ಕೆ ಎಳೆದ ಭಾರದಿಂದ ಎಡ ಶಾಕಿನ ಕೆಳಗಿನ ರಾಡ್ ಎಂಡ್ ತುಸು ಬಾಗಿತ್ತು, ಅದೂ ಹೊಸದು.

ಆಮೇಲೆ ವಿಮಾನವನ್ನು ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬಿಸಿಲಲ್ಲಿ ನಿಲ್ಲಿಸಿ, ಐದು ಸಲ ಬ್ರೇಕ್ ಹಾಕಿ ನಿಲ್ಲಿಸಿ, ಹೊಯ್ಸ್ಟಿನಲ್ಲಿ ಎತ್ತಿದೆವು. ಕಾಕಾ ಎಡ ಚಕ್ರದ ಟೈರಿಗೆ ಬೆರಳಿಟ್ಟು ನೂಕಿದರು. ಮೂರು ಸುತ್ತು ತಿರುಗಿತು.