ಆಕ್ಟಿನ್ ಎಳೆ ಎಟಿಪಿಯನ್ನು ಖರ್ಚು ಮಾಡುವುದು ಯಾವುದಕ್ಕೆ?

ಪಾಷಾಣ್, ಪುಣೆ
18 ಜುಲೈ 2024, ಗುರುವಾರ

ಆಕ್ಟಿನ್ ಎಂಬುದು ಜೀವಕೋಶದ ಒಂದು ಪ್ರೋಟೀನು; ಅದರ ಒಂಟಿ ಅಣುಗಳು ಸಾಲುಗೂಡಿ ಎಳೆಯಾಗುತ್ತವೆ. ಅದು ಹಿಡಿದಿರುವ ಎಟಿಪಿ ಕೋಶದ ಶಕ್ತಿಯ ಅಣು; ಅದರ ತುದಿಯ ಫಾಸ್ಫೇಟು ಒಡೆದು ಹೋದರೆ ಉಳಿಯುವುದು ಎಡಿಪಿ. ಎಳೆಗೆ ಸೇರಿದಾಗ ಹೆಚ್ಚು ಹೊಳೆಯುವ ಪೈರೀನ್ ಅಂಟಿಸಿದ ಆಕ್ಟಿನ್ನಿಗೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಮೆಗ್ನೀಸಿಯಂ ಬೆರೆಸಿ, ಹೊಳಪನ್ನು ಅಳೆಯುವ ಫ್ಲೋರಿಮೀಟರಿನಲ್ಲಿ ಇಟ್ಟಾಗ, ಹೊಳಪಿನ ಗೆರೆ ಕೆಲಕಾಲ ಸಪಾಟಾಗಿಯೇ ಸಾಗುತ್ತದೆ. ಎರಡು ಮೂರು ಅಣುಗಳ ಗುಂಪುಗಳು ಕೂಡಿದಷ್ಟೇ ಬೇಗ ಚದುರಿಹೋಗುವ ಹೊತ್ತು ಅದು. ಗುಂಪೊಂದು ಬೀಜವಾಗಿ ನೆಲೆನಿಂತ ಮೇಲೆ ಹೊಳಪು ಸರ್ರನೆ ಏರಿ, ಕೊನೆಗೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಇಂದು ಬೆಳಿಗ್ಗೆ ಆ ಏರಿಕೆಯನ್ನು ನೋಡುತ್ತಿದ್ದ ಧಾರವಾಡದ ವಿದ್ಯಾರ್ಥಿನಿ ಕೇಳಿದಳು: “ಸರ್, ಎಡಿಪಿ ಹಿಡಕೊಂಡ ಆಕ್ಟಿನ್ನೂ ಎಳಿ ಆಗ್ತದ ಅಂತೀರಿ. ಹಂಗಾದ್ರ ಎಟಿಪಿ ಒಡಿಯೋದು ಯಾಕ್ರಿ?”

ಪಠ್ಯಪುಸ್ತಕಗಳು ಎರಡು ಸಾಲಿನಲ್ಲಿ ದಾಟಿಬಿಡುವ ಈ ಪ್ರಶ್ನೆಯೇ ವಿಷಯದ ತಿರುಳೆಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ.

375 ಅಮೈನೋ ಆಮ್ಲಗಳ ಈ ಪ್ರೋಟೀನು ಎರಡು ಹೋಳುಗಳಾಗಿದ್ದು, ನಡುವಿನ ಸೀಳಿನಲ್ಲಿ ಎಟಿಪಿ ಕುಳಿತಿರುತ್ತದೆ. ಒಂಟಿ ಅಣುವಿನಲ್ಲಿ ಈ ಹೋಳುಗಳು ಒಂದಕ್ಕೊಂದು ತುಸು ತಿರುಚಿಕೊಂಡಿರುತ್ತವೆ. ಅಣು ಎಳೆಗೆ ಸೇರಿದೊಡನೆ ಸುಮಾರು 20 ಡಿಗ್ರಿಯಷ್ಟು ತಿರುಗಿ ಚಪ್ಪಟೆಯಾಗುತ್ತದೆಂದು ಓಡಾ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದರು. ಆ ತಿರುವಿನಿಂದ ಎಟಿಪಿಯ ತುದಿಯ ಫಾಸ್ಫೇಟಿನ ಎದುರು ನೀರಿನ ಅಣುವೊಂದು ಸರಿಯಾದ ಜಾಗಕ್ಕೆ ಬರಲು ದಾರಿಯಾಗುತ್ತದೆ. ಡಾರ್ಟ್‌ಮುಂಡ್‌ನ ರೌನ್ಸರ್ ತಂಡ 2022ರಲ್ಲಿ ಕ್ರಯೋ-ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಎಳೆಯೊಳಗಿನ ನೀರಿನ ಅಣುಗಳನ್ನೇ ಗುರುತಿಸುವಷ್ಟು ಸ್ಪಷ್ಟವಾದ ಚಿತ್ರಗಳನ್ನು ಪಡೆಯಿತು. ಒಂಟಿಯಾಗಿದ್ದಾಗ ಎಟಿಪಿಯನ್ನು ಮುಟ್ಟದಂತೆಯೇ ಇಟ್ಟುಕೊಂಡಿರುವ ಆಕ್ಟಿನ್, ಎಳೆಗೆ ಸೇರಿದ ಮೇಲೆ ಅದನ್ನು ಕೆಲವೇ ಸೆಕೆಂಡುಗಳಲ್ಲಿ ಒಡೆಯುತ್ತದೆ. ವೇಗದ ಅಂತರ ಸುಮಾರು 40,000 ಪಟ್ಟು. ಅಂದರೆ ಕೂಡುವ ಕೆಲಸ ಮುಗಿದ ಮೇಲೆಯೇ ಖರ್ಚು ಬೀಳುತ್ತದೆ.

ಆ ಖರ್ಚಿನಿಂದ ದೊರೆಯುವುದೇನು? ಎಳೆ ಕರಗದೆ ಉಳಿಯಬೇಕಾದರೆ ಸುತ್ತಲಿನ ದ್ರಾವಣದಲ್ಲಿ ಒಂಟಿ ಆಕ್ಟಿನ್ ಇಂತಿಷ್ಟಾದರೂ ಇರಬೇಕು. ಎಟಿಪಿ ಇರುವಾಗ ಈ ಮಿತಿ ಎಳೆಯ ಬೇಗ ಬೆಳೆಯುವ ತುದಿಯಲ್ಲಿ ಸುಮಾರು 0.1 ಮೈಕ್ರೋಮೋಲಾರ್ (ಸಾಂದ್ರತೆಯ ಅಳತೆ), ನಿಧಾನವಾಗಿ ಬೆಳೆಯುವ ಇನ್ನೊಂದು ತುದಿಯಲ್ಲಿ ಸುಮಾರು 0.6. ಎಡಿಪಿ ಮಾತ್ರವಿದ್ದರೆ ಎರಡೂ ತುದಿಗಳಿಗೆ ಮಿತಿ ಒಂದೇ ಆಗಿರಲೇಬೇಕು, ಏಕೆಂದರೆ ಶಕ್ತಿ ವ್ಯಯವಾಗದ ಸಮತೋಲನದಲ್ಲಿ ಒಂದು ತುದಿ ಬೆಳೆಯುತ್ತ ಇನ್ನೊಂದು ಸವೆಯುತ್ತ ಇರುವುದು ಸಾಧ್ಯವಿಲ್ಲ. 1976ರಲ್ಲಿ ವೆಗ್ನರ್ ತೋರಿಸಿದ, ಒಂದೆಡೆ ಸೇರಿ ಇನ್ನೊಂದೆಡೆ ಕಳಚುತ್ತ ಹೋಗುವ ನಿರಂತರ ಹರಿವಿಗೆ ಎಟಿಪಿಯೇ ಬೆಲೆ. ಅದಲ್ಲದೆ, ಒಡೆದ ಫಾಸ್ಫೇಟು ಎಳೆಯಿಂದ ಹೊರಬೀಳಲು ನಿಮಿಷಗಳೇ ಹಿಡಿಯುವುದರಿಂದ, ಎಳೆಯ ಯಾವ ಭಾಗ ಹೊಸದು, ಯಾವುದು ಹಳೆಯದು ಎಂಬ ಗುರುತು ಅದರಲ್ಲಿಯೇ ಉಳಿಯುತ್ತದೆ. ಕೋಫಿಲಿನ್ ಎಂಬ ಪ್ರೋಟೀನು ಹಳೆಯ, ಎಡಿಪಿ ಭಾಗವನ್ನೇ ಹಿಡಿದು ತುಂಡರಿಸುತ್ತದೆ. ಕಳಚಿದ ಅಣುಗಳು ಎಡಿಪಿ ಬಿಟ್ಟು ಮತ್ತೆ ಎಟಿಪಿ ಪಡೆಯಲು ಪ್ರೊಫಿಲಿನ್ ಎಂಬ ಇನ್ನೊಂದು ಪ್ರೋಟೀನು ನೆರವಾಗುತ್ತದೆ.

ಅಣುವೊಂದಕ್ಕೆ ಎಳೆ 2.75 ನ್ಯಾನೊಮೀಟರ್‌ನಷ್ಟು ಉದ್ದವಾಗುವುದರಿಂದ, ಒಂದು ಮೈಕ್ರೋಮೀಟರ್ ಎಳೆಯೆಂದರೆ ಸುಮಾರು 360 ಎಟಿಪಿ. ಕೋಳಿಮರಿಯ ನರಕೋಶಗಳಲ್ಲಿ ಈ ವಹಿವಾಟು ಒಟ್ಟು ಎಟಿಪಿಯ ಅರ್ಧದಷ್ಟನ್ನು ನುಂಗುತ್ತದೆಂದು ಬರ್ನ್‌ಸ್ಟೀನ್ ಮತ್ತು ಬ್ಯಾಂಬರ್ಗ್ 2003ರಲ್ಲಿ ಅಂದಾಜಿಸಿದ್ದರು. ಆ ಪಾಲು ಅಷ್ಟು ದೊಡ್ಡದಿರಲಾರದೆಂಬ ಲೆಕ್ಕಗಳೂ ಆಮೇಲೆ ಬಂದಿವೆ. ಖರ್ಚು ಕಡಿಮೆಯೇ ಇದ್ದರೂ ಅದರ ಉದ್ದೇಶ ಬದಲಾಗದೆಂಬುದು ನನ್ನ ಅಭಿಪ್ರಾಯ.

ನಾಳೆ ಹೆಕ್ಸೋಕೈನೇಸ್ ಎಂಬ ಕಿಣ್ವವನ್ನೂ ಗ್ಲೂಕೋಸನ್ನೂ ಬೆರೆಸಿ ಎಟಿಪಿಯನ್ನೆಲ್ಲ ಎಡಿಪಿಯಾಗಿಸಿ, ಆಕ್ಟಿನ್ನಿನ ಪ್ರಮಾಣ ಹೆಚ್ಚಿಸಿಕೊಂಡು ಅದೇ ಪ್ರಯೋಗವನ್ನು ಅವಳ ಕೈಯಿಂದಲೇ ಮಾಡಿಸಬೇಕು. ಎರಡೂ ಗೆರೆಗಳನ್ನು ಒಂದೇ ಹಾಳೆಯಲ್ಲಿ ಬಿಡಿಸಿದರೆ ಅವಳ ಪ್ರಶ್ನೆಯ ಮೊದಲ ಭಾಗವಂತೂ ಅವಳ ಕಣ್ಣೆದುರಿಗೇ ಇರುತ್ತದೆ.